ವೇ ಪ್ರೋಟೀನ್ ತರಿಸಲು ‘ಕೋಟಾ’ ಕೊಳ್ಳಬೇಕೆ?

ಪ್ರಶ್ನೆ: ಸರ್, ನಾನು ತುಮಕೂರಿನಲ್ಲಿ ರಾಗಿ ಮಾಲ್ಟ್ ತಯಾರಿಸುವ ಸಣ್ಣ ಘಟಕ ನಡೆಸುತ್ತಿದ್ದೇನೆ. ಪ್ರೋಟೀನ್ ಹೆಚ್ಚಿಸಿದ ಒಂದು ಬಗೆಯನ್ನೂ ಮಾರುತ್ತೇವೆ. ಅದಕ್ಕೆ ಬೇಕಾದ ವೇ ಪ್ರೋಟೀನ್ (ಚೀಸ್ ಮಾಡುವಾಗ ಹೊರಬರುವ ತಿಳಿನೀರಿನಿಂದ ತೆಗೆದ ಹಾಲಿನ ಪ್ರೋಟೀನ್) ಪುಡಿಯನ್ನು ಮುಂಬೈನ ವರ್ತಕರಿಂದ ಚೀಲದ ಲೆಕ್ಕದಲ್ಲಿ ಕೊಳ್ಳುತ್ತಿದ್ದೇನೆ. ಒಂದು ತಿಂಗಳ ಬೆಲೆ ಇನ್ನೊಂದು ತಿಂಗಳಿಗೆ ಇರುವುದಿಲ್ಲ. ಈಗ ಯುರೋಪಿನ ಕಂಪನಿಯೊಂದು ಶೇ 80ರ ವೇ ಪ್ರೋಟೀನ್ 5 ಟನ್ ನೇರವಾಗಿ ಕೊಡಲು ಒಪ್ಪಿದೆ. ಆದರೆ ಇಲ್ಲಿನ ಏಜೆಂಟ್ ಒಬ್ಬರು, ‘ಹಾಲಿನ ಪ್ರೋಟೀನ್‌ಗೆ ಆಮದು ಕೋಟಾ ಇದೆ, ಈ ವರ್ಷದ್ದು ಮುಗಿದಿದೆ, ಕೋಟಾ ಹೊರಗೆ ತಂದರೆ ಶೇ 270 ಸುಂಕ ಬೀಳುತ್ತದೆ. ಕೋಟಾ ಇರುವ ಕಂಪನಿಯಿಂದ ಕಿಲೋ ಲೆಕ್ಕದಲ್ಲಿ ಕಮಿಷನ್ ಕೊಟ್ಟು ವರ್ಗಾಯಿಸಿಕೊಡುತ್ತೇನೆ’ ಎಂದು ಮುಂಗಡ ಕೇಳುತ್ತಿದ್ದಾರೆ. ಇನ್‌ವಾಯ್ಸ್‌ನಲ್ಲಿ ಹಾಲಿನ ಹೆಸರೇ ಇಲ್ಲದಂತೆ ‘ಆಹಾರ ಘಟಕ’ ಎಂದು ಬರೆಸಿದರೆ ಬೇರೆ ಪರವಾನಗಿ ಬೇಡ ಎಂದೂ ಹೇಳಿದ್ದಾರೆ. ಅಂತರ್ಜಾಲದಲ್ಲಿ ಹುಡುಕಿದಾಗ ಶೇ 270ರ ಸುಂಕದ ವಿಷಯ ನಿಜವಾಗಿಯೂ ಕಾಣಿಸಿತು. ವೇ ಬದಲು ಮಿಲ್ಕ್ ಪ್ರೋಟೀನ್ ಕಾನ್ಸಂಟ್ರೇಟ್ (ಸಾಂದ್ರ ಹಾಲಿನ ಪ್ರೋಟೀನ್) ತರಿಸಿದರೆ ಸುಲಭವೇ? ಕೊನೆಯದಾಗಿ ಒಂದು ಮಾತು: ನಮ್ಮ ತಂದೆ ಈಗಲೂ ಊರಿನ ಡೇರಿಗೆ ಹಾಲು ಹಾಕುತ್ತಾರೆ. ಹೊರದೇಶದ ಹಾಲಿನ ಪುಡಿ ತರಿಸಿ ಅವರಂಥವರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೇನೆಯೇ ಎಂಬ ಅಳುಕು ಇದೆ.

ಉತ್ತರ: ಮುಂಗಡ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಬರವಣಿಗೆಯಲ್ಲಿ ವಾಪಸ್ ಕೇಳಿ. ಭಾರತದಲ್ಲಿ ವೇ ಪ್ರೋಟೀನ್‌ಗೆ ಸುಂಕದ ಕೋಟಾ, ಎಂದರೆ ಇಷ್ಟು ಪ್ರಮಾಣದವರೆಗೆ ಮಾತ್ರ ಕಡಿಮೆ ಸುಂಕ ಎಂಬ ಮಿತಿ, ಇಲ್ಲ. ಇಲ್ಲದ ಕೋಟಾ ಮುಗಿಯುವುದೂ ಇಲ್ಲ, ವರ್ಗಾವಣೆಯಾಗುವುದೂ ಇಲ್ಲ. ನೀವು ಮುಖ್ಯವಾಗಿ ಗಮನ ಕೊಡಬೇಕಾದವು ಬೇರೆ ಎರಡು: ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆ ಕೊಡುವ ನೈರ್ಮಲ್ಯ ಆಮದು ಅನುಮತಿ, ಮತ್ತು ನಿಮ್ಮ ಸರಕು ಸುಂಕದ ಪಟ್ಟಿಯ ಯಾವ ಶೀರ್ಷಿಕೆಗೆ ಸೇರುತ್ತದೆ ಎಂಬ ನಿರ್ಣಯ. ಏಜೆಂಟ್ ನಿಮ್ಮನ್ನು ಇಲ್ಲದ ಕೋಟಾದಿಂದ ಹೆದರಿಸಿ, ನಿಜವಾಗಿ ಬೇಕಾದ ಅನುಮತಿಯನ್ನು ಬೇಡವೆಂದಿದ್ದಾರೆ. ಇದರಲ್ಲಿ ಎರಡನೆಯ ಮಾತೇ ಹೆಚ್ಚು ಅಪಾಯದ್ದು.

ಶೇ 270 ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ನೀವು ಹುಡುಕಿದಾಗ ಕಂಡದ್ದು ಸುಳ್ಳಲ್ಲ, ಆದರೆ ಅದು ಕೆನಡಾದ ಸುಂಕ. ಕೆನಡಾದಲ್ಲಿ ಹಾಲಿನ ಉತ್ಪಾದನೆಯನ್ನೇ ಕೋಟಾ ಕಟ್ಟಿ ನಿಯಂತ್ರಿಸುತ್ತಾರೆ. ರೈತ ಎಷ್ಟು ಹಾಲು ಕರೆಯಬಹುದು, ಯಾವ ಬೆಲೆಗೆ ಮಾರಬಹುದು ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಹೊರಗಿನಿಂದ ಅಗ್ಗದ ಹಾಲು ಹರಿದು ಬಂದರೆ ಆ ಏರ್ಪಾಡು ನಿಲ್ಲುವುದಿಲ್ಲ. ಆದ್ದರಿಂದ 1995ರಲ್ಲಿ ವಿಶ್ವ ವ್ಯಾಪಾರ ಸಂಘಟನೆ ಆರಂಭವಾದಾಗ ಬೆಣ್ಣೆ, ಚೀಸ್, ಹಾಲಿನ ಪುಡಿಗಳ ಮೇಲೆ ಇಷ್ಟು ಪ್ರಮಾಣದವರೆಗೆ ಕಡಿಮೆ ಸುಂಕ, ಅದರಾಚೆಗೆ ಎರಡು ನೂರು ದಾಟುವ ಶೇಕಡಾವಾರು ಸುಂಕ ಎಂಬ ಗೋಡೆಯನ್ನು ಕಟ್ಟಿಕೊಂಡರು. ಆದರೆ ಆ ಪಟ್ಟಿ ಬರೆಯುವಾಗ ಹಾಲನ್ನು ಸೂಕ್ಷ್ಮ ಪೊರೆಗಳ ಮೂಲಕ ಸೋಸಿ ಪ್ರೋಟೀನನ್ನಷ್ಟೇ ಹಿಡಿಯುವ ಉದ್ಯಮ ಇನ್ನೂ ಬೆಳೆಯುತ್ತಿತ್ತು. ಹೀಗಾಗಿ ಸಾಂದ್ರ ಹಾಲಿನ ಪ್ರೋಟೀನ್ ಎಂಬ ವಸ್ತು ಗೋಡೆಯ ಹೊರಗೇ ಉಳಿಯಿತು. ಚೀಸ್ ತಯಾರಕರು ಸ್ಥಳೀಯ ಹಾಲಿನ ಬದಲು ಅದನ್ನು ತರಿಸತೊಡಗಿದರು, ಕೆನಡಾದ ಹೈನುಗಾರರು ಬೊಬ್ಬೆ ಹಾಕಿದರು. ಸುಂಕ ಮತ್ತು ವ್ಯಾಪಾರದ ಜಾಗತಿಕ ಒಪ್ಪಂದವಾದ ಗ್ಯಾಟ್‌ನ 28ನೇ ವಿಧಿ, ಒಪ್ಪಿದ ಸುಂಕವನ್ನು ಮರುಸಂಧಾನ ಮಾಡಲು ಅವಕಾಶ ಕೊಡುತ್ತದೆ. ಕೆನಡಾ ಸರ್ಕಾರ ಅದನ್ನು ಬಳಸಿಕೊಂಡು, ಶೇ 85 ಅಥವಾ ಅದಕ್ಕಿಂತ ಹೆಚ್ಚು ಪ್ರೋಟೀನ್ ಇರುವ ಹಾಲಿನ ಪ್ರೋಟೀನ್ ಪದಾರ್ಥಗಳಿಗೆ 2008ರ ಸೆಪ್ಟೆಂಬರ್‌ನಲ್ಲಿ 10,000 ಟನ್‌ಗಳ ಕೋಟಾ ವಿಧಿಸಿತು. ಅದನ್ನು ಮೀರಿದ ಆಮದಿಗೆ ಶೇ 270. ಅಲ್ಲಿ ಕೋಟಾದ ಪಾಲು ಪಡೆದವರು ಪ್ರತಿ ಸರಕಿಗೂ ಆಮದು ಪರವಾನಗಿ ತೆಗೆದುಕೊಳ್ಳುತ್ತಾರೆ.

ಅಷ್ಟಾದರೂ ಅಲ್ಲಿನ ಗೋಡೆಯಲ್ಲಿ ಬಿರುಕು ಉಳಿಯಿತು. ಅಮೆರಿಕ, ಕೆನಡಾ, ಮೆಕ್ಸಿಕೊ ನಡುವಿನ ನಾಫ್ಟಾ ವ್ಯಾಪಾರ ಒಪ್ಪಂದದ ಕಾರಣ ಅಮೆರಿಕದ ಸರಕಿಗೆ ಈ ಸುಂಕ ತಗಲುತ್ತಿರಲಿಲ್ಲ. ಸೋಸಿದ ದ್ರವ ಹಾಲು ಅಮೆರಿಕದಿಂದ ಸುಂಕವಿಲ್ಲದೆ ಬರುತ್ತಲೇ ಇತ್ತು. 2017ರಲ್ಲಿ ಕೆನಡಾ ತನ್ನ ಹಾಲಿನ ಘಟಕಾಂಶಗಳಿಗೆ ‘ಏಳನೇ ವರ್ಗ’ ಎಂಬ ಅಗ್ಗದ ಬೆಲೆ ಇಟ್ಟು ಅದಕ್ಕೆ ಎದುರು ನಿಂತಿತು, ಅಮೆರಿಕ ಸಿಟ್ಟಿಗೆದ್ದಿತು. 2020ರ ಜುಲೈನಲ್ಲಿ ಜಾರಿಯಾದ ಹೊಸ ತ್ರಿಪಕ್ಷೀಯ ಒಪ್ಪಂದದಲ್ಲಿ ಆ ವರ್ಗವನ್ನೇ ಕೈಬಿಡಬೇಕಾಯಿತು. ಇಷ್ಟು ದೂರ ಹೋದದ್ದಕ್ಕೆ ಕಾರಣವಿದೆ. ಹಾಲಿನ ಪ್ರೋಟೀನ್ ಕುರಿತು ಅಂತರ್ಜಾಲದಲ್ಲಿ ಸಿಗುವ ಕೋಟಾ ಮಾಹಿತಿಯಲ್ಲಿ ಬಹುಪಾಲು ಕೆನಡಾದ್ದು ಅಥವಾ ಅಮೆರಿಕದ್ದು. ಅದರಲ್ಲೂ ಅಮೆರಿಕ ಬೆಣ್ಣೆ, ಚೀಸ್, ಹಾಲಿನ ಪುಡಿಗಳಿಗೆ ಕೋಟಾ ಇಟ್ಟಿದ್ದರೂ ಕೇಸಿನ್ (ಹಾಲಿನ ಮುಖ್ಯ ಪ್ರೋಟೀನ್) ಮತ್ತು ಮಿಲ್ಕ್ ಪ್ರೋಟೀನ್ ಕಾನ್ಸಂಟ್ರೇಟನ್ನು ಹೊರಗೆ ಬಿಟ್ಟಿದೆ. ದೇಶ ಬದಲಾದರೆ ಕಥೆಯೇ ಬದಲು. ಓದುವಾಗ ಮೊದಲು ಯಾವ ದೇಶದ ಕಾನೂನು ಎಂದು ನೋಡಿ.

ಇನ್ನು ನಮ್ಮ ದೇಶಕ್ಕೆ ಬರೋಣ. ಭಾರತದಲ್ಲೂ ಹಾಲಿಗೆ ಸಂಬಂಧಿಸಿದ ಒಂದು ಸುಂಕ ಕೋಟಾ ಇದೆ, ಆದರೆ ಅದು ಹಾಲಿನ ಪುಡಿಗೆ ಮಾತ್ರ. ಕೆನೆ ತೆಗೆದ ಹಾಲಿನ ಪುಡಿಯ ಮೇಲೆ ಶೂನ್ಯ ಸುಂಕ ಎಂದು ನಾವು ಬಹಳ ಹಿಂದೆಯೇ ಗ್ಯಾಟ್‌ನಲ್ಲಿ ಒಪ್ಪಿಕೊಂಡಿದ್ದೆವು. ಆಮದಿನ ಪ್ರಮಾಣದ ಮೇಲೆ ಸರ್ಕಾರದ ನಿರ್ಬಂಧ ಇದ್ದಷ್ಟು ಕಾಲ ಆ ಶೂನ್ಯದಿಂದ ತೊಂದರೆಯಾಗಲಿಲ್ಲ. ಆದರೆ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ಅಮೆರಿಕ ಹೂಡಿದ ದಾವೆಯಲ್ಲಿ 1999ರಲ್ಲಿ ಭಾರತಕ್ಕೆ ಸೋಲಾಯಿತು. ಪ್ರಮಾಣ ನಿರ್ಬಂಧಗಳನ್ನು 2001ರ ಏಪ್ರಿಲ್ 1ರೊಳಗೆ ಪೂರ್ತಿ ತೆಗೆಯಬೇಕಾಯಿತು. ಹಾಗೆಯೇ ಬಿಟ್ಟಿದ್ದರೆ ಸಬ್ಸಿಡಿ ಹೊತ್ತ ವಿದೇಶಿ ಹಾಲಿನ ಪುಡಿ ಸುಂಕವೇ ಇಲ್ಲದೆ ಒಳಗೆ ಬರುತ್ತಿತ್ತು. ಆಗ ಭಾರತವೂ ಅದೇ 28ನೇ ವಿಧಿಯ ಮೊರೆ ಹೋಯಿತು. ಸಂಧಾನದ ಫಲವಾಗಿ 10,000 ಟನ್‌ವರೆಗೆ ಶೇ 15 ಸುಂಕ, ಅದನ್ನು ಮೀರಿದ್ದಕ್ಕೆ ಶೇ 60ರವರೆಗೆ ವಿಧಿಸುವ ಹಕ್ಕು ನಮಗೆ ಸಿಕ್ಕಿತು. ಕೆನಡಾದ ಕೋಟಾವೂ 10,000 ಟನ್, ನಮ್ಮದೂ 10,000 ಟನ್. ಗೊಂದಲಕ್ಕೆ ಈ ಸಂಖ್ಯೆಯೂ ಸ್ವಲ್ಪ ಕಾರಣವಾಗಿರಬಹುದು.

ನಮ್ಮ ಈ ಕೋಟಾವನ್ನು ವಿದೇಶಿ ವ್ಯಾಪಾರದ ಮಹಾನಿರ್ದೇಶನಾಲಯ ಹಂಚುತ್ತದೆ. ಅದಕ್ಕೆ ಅರ್ಹತೆ ಇರುವುದು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ, ನಾಫೆಡ್, ಎಂಎಂಟಿಸಿ, ಎಸ್‌ಟಿಸಿಯಂಥ ಸರ್ಕಾರಿ ಮತ್ತು ಸಹಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿ ಘಟಕಕ್ಕೆ, ಅದು ಎಷ್ಟೇ ದೊಡ್ಡದಿರಲಿ, ಅಲ್ಲಿ ಜಾಗವಿಲ್ಲ. ವೇ ಪ್ರೋಟೀನ್, ಕೇಸಿನ್, ಮಿಲ್ಕ್ ಪ್ರೋಟೀನ್ ಕಾನ್ಸಂಟ್ರೇಟ್ ಇವು ಯಾವುವೂ ಆ ಕೋಟಾದ ವ್ಯಾಪ್ತಿಗೆ ಬರುವುದೇ ಇಲ್ಲ. ನಿಮಗೆ ‘ಕೋಟಾ ವರ್ಗಾಯಿಸಿಕೊಡುತ್ತೇವೆ’ ಎನ್ನುವವರ ಕೈಯಲ್ಲಿ ವರ್ಗಾಯಿಸಲು ಏನೂ ಇಲ್ಲ. ಪುರಾವೆ ಬೇಕಾದರೆ ಅವರನ್ನು ಒಂದೇ ಪ್ರಶ್ನೆ ಕೇಳಿ: ಯಾವ ಅಧಿಸೂಚನೆ, ಯಾವ ಸುಂಕ ಸಂಖ್ಯೆ? ಎರಡನ್ನೂ ಬರೆದು ಕೊಡಲಿ.

ಈಗ ಅನುಮತಿಯ ವಿಷಯ. ‘ಆಮದು ಪರವಾನಗಿ’ ಎಂಬ ಒಂದೇ ಮಾತಿನಡಿ ಬೇರೆ ಬೇರೆ ಕಾಗದಗಳನ್ನು ಕಲಸುವುದರಿಂದ ಅನೇಕರು ದಾರಿ ತಪ್ಪುತ್ತಾರೆ. ವ್ಯಾಪಾರ ನೀತಿಯ ದೃಷ್ಟಿಯಿಂದ ವೇ ಪ್ರೋಟೀನ್ ಆಮದು ಮುಕ್ತ, ಎಂದರೆ ಪ್ರಮಾಣಕ್ಕೆ ಪರವಾನಗಿ ಬೇಡ. ನಿಮ್ಮ ಬಳಿ ಆಮದು-ರಫ್ತು ಕೋಡ್ ಇದ್ದರೆ ಸಾಕು. ಆದರೆ ಪಶುರೋಗದ ದೃಷ್ಟಿಯಿಂದ ಅದು ಮುಕ್ತವಲ್ಲ. 1898ರ ಜಾನುವಾರು ಆಮದು ಕಾಯ್ದೆಗೆ 2001ರಲ್ಲಿ ತಿದ್ದುಪಡಿ ತಂದು, ಜಾನುವಾರುಗಳ ಜೊತೆಗೆ ಜಾನುವಾರು ಉತ್ಪನ್ನಗಳನ್ನೂ ಅದರೊಳಗೆ ಸೇರಿಸಲಾಯಿತು. ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯ ನೈರ್ಮಲ್ಯ ಆಮದು ಅನುಮತಿ ಬೇಕು. ಕಾಲುಬಾಯಿ ಜ್ವರದಂಥ ರೋಗ ಒಂದು ಚೀಲ ಪುಡಿಯೊಂದಿಗೆ ದೇಶದೊಳಗೆ ಬಾರದಿರಲಿ ಎಂಬುದೇ ಇದರ ಉದ್ದೇಶ. ನಿಮ್ಮ ತಂದೆಯವರ ಕೊಟ್ಟಿಗೆಯನ್ನು ಕಾಯುವ ಕಾನೂನು ಅದು.

ಇಲ್ಲಿ ಕಾಲಕ್ರಮ ಮುಖ್ಯ. ಸರಕು ಮೂಲ ದೇಶದಲ್ಲಿ ಹಡಗು ಹತ್ತುವ ಮೊದಲೇ ಅನುಮತಿ ನಿಮ್ಮ ಕೈಯಲ್ಲಿರಬೇಕು. ಹಡಗು ಸಮುದ್ರದಲ್ಲಿರುವಾಗ ಅರ್ಜಿ ಹಾಕಿ, ಬಂದರು ತಲುಪುವಷ್ಟರಲ್ಲಿ ಸಿಗುತ್ತದೆ ಎಂದು ನಂಬಿದವರ ಸರಕು ವಾಪಸ್ ಹೋದದ್ದನ್ನೂ ನಾಶವಾದದ್ದನ್ನೂ ನಾನು ನೋಡಿದ್ದೇನೆ. ಆ ಖರ್ಚೂ ಆಮದುದಾರರದ್ದೇ. ಅನುಮತಿ ಪತ್ರದಲ್ಲಿ ವಸ್ತು, ದೇಶ, ಪ್ರಮಾಣ, ಒಳಬರುವ ಬಂದರು ಎಲ್ಲವೂ ನಮೂದಾಗಿರುತ್ತವೆ. ಜರ್ಮನಿ ಎಂದು ಬರೆಸಿ ಪೋಲೆಂಡಿನ ಸರಕು ತರಲಾಗದು. ಹಾಲಿನ ಉತ್ಪನ್ನವನ್ನು ಬೇಕಾದ ಬಂದರಿಗೆ ಇಳಿಸುವಂತೆಯೂ ಇಲ್ಲ, ಪಶು ಕ್ವಾರಂಟೈನ್ ಕಚೇರಿ ಇರುವ ಊರಿಗೇ ತರಬೇಕು. ನಿಮಗೆ ಸಹಜವಾದ ದಾರಿ ಚೆನ್ನೈ.

ಅನುಮತಿಯ ಜೊತೆಗೆ ರಫ್ತು ಮಾಡುವ ದೇಶದ ಸರ್ಕಾರಿ ಪಶುವೈದ್ಯರು ಸಹಿ ಹಾಕಿದ ಆರೋಗ್ಯ ಪ್ರಮಾಣಪತ್ರ ಬರಬೇಕು. ಅದರ ಒಕ್ಕಣೆ ಭಾರತ ಹೇಳಿದಂತೆಯೇ ಇರಬೇಕು, ಯುರೋಪಿನ ಕಂಪನಿ ಬೇರೆ ದೇಶಗಳಿಗೆ ಕಳುಹಿಸುವ ಮಾದರಿ ನಡೆಯದು. ಮುಖ್ಯವಾಗಿ, ಹಾಲು ಕೊಟ್ಟ ಪ್ರಾಣಿಗಳಿಗೆ ಮೆಲುಕು ಹಾಕುವ ಪ್ರಾಣಿಗಳ ಒಳಾಂಗ, ರಕ್ತದ ಪುಡಿ, ಮಾಂಸದ ಅಂಶಗಳಿಂದ ತಯಾರಿಸಿದ ಆಹಾರವನ್ನು ತಿನ್ನಿಸಿಲ್ಲ ಎಂಬ ಘೋಷಣೆ ಬೇಕು. ಅಮೆರಿಕದ ಹೈನು ಸರಕು ಭಾರತಕ್ಕೆ ಸಲೀಸಾಗಿ ಬಾರದಿರಲು ವರ್ಷಗಟ್ಟಲೆ ಕಾರಣವಾಗಿರುವುದು ಈ ಒಂದು ಷರತ್ತೇ. ನಿಮ್ಮ ಸರಬರಾಜುದಾರರು ಈ ವಾಕ್ಯಕ್ಕೆ ಅಲ್ಲಿನ ಅಧಿಕಾರಿಯ ಸಹಿ ತರಬಲ್ಲರೇ ಎಂದು ಬೆಲೆ ಮಾತಾಡುವ ಮೊದಲೇ ಕೇಳಿ. ಈ ಹಿಂದೆ ಭಾರತಕ್ಕೆ ಕಳುಹಿಸಿದವರಾದರೆ ತಕ್ಷಣ ಉತ್ತರ ಕೊಡುತ್ತಾರೆ. ತಡವರಿಸಿದರೆ ಅವರಿಗೂ ಇದು ಹೊಸದು ಎಂದೇ ತಿಳಿಯಿರಿ.

ಇವುಗಳ ಜೊತೆಗೆ ಆಹಾರ ಸುರಕ್ಷತೆ ಪ್ರಾಧಿಕಾರದ ನಿಯಮಗಳೂ ಇವೆ. ಆಮದುದಾರರಾಗಿ ನಿಮಗೆ ಕೇಂದ್ರ ಪರವಾನಗಿ ಬೇಕು, ಈಗಿರುವ ತಯಾರಿಕಾ ಪರವಾನಗಿಯಷ್ಟರಿಂದ ಆಗದು. ಹಾಲಿನ ಉತ್ಪನ್ನ ಕಳುಹಿಸುವ ವಿದೇಶಿ ಕಾರ್ಖಾನೆಯೂ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕೆಂಬ ಆದೇಶ 2022ರಲ್ಲಿ ಹೊರಟಿತು. ಬಂದರಿನಲ್ಲಿ ಮಾದರಿ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ವರದಿ ನಿಮಗೆ ವಿರುದ್ಧವಾಗಿ ಬಂದರೆ ಮರುಪರೀಕ್ಷೆ ಕೇಳುವ ಹಕ್ಕಿದೆ. ಹಾಗೆ ಮರುಪರೀಕ್ಷೆ ಮಾಡುವ ಪ್ರಯೋಗಾಲಯಗಳಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೂಡ ಒಂದು.

ಮೂಲ ದೇಶದ ಬಗ್ಗೆ ಇನ್ನೊಂದು ಎಚ್ಚರಿಕೆ. ಯುರೋಪಿನ ದರಕ್ಕಿಂತ ಬಹಳ ಅಗ್ಗವಾಗಿ ದುಬೈ ಅಥವಾ ಸಿಂಗಪುರದ ವರ್ತಕರಿಂದ ಪ್ರಸ್ತಾಪ ಬಂದರೆ ಸರಕು ಎಲ್ಲಿ ತಯಾರಾದದ್ದು ಎಂದು ಮೊದಲು ಕೇಳಿ. ಚೀನಾದ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು 2008ರ ಸೆಪ್ಟೆಂಬರ್‌ನಲ್ಲಿ, ಹಾಲಿಗೆ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕ ಬೆರೆಸಿದ ಹಗರಣದ ನಂತರ, ಭಾರತ ನಿಷೇಧಿಸಿತು, ಆ ನಿಷೇಧ ಮತ್ತೆ ಮತ್ತೆ ಮುಂದುವರಿದಿದೆ. ಪ್ರೋಟೀನ್ ಕೊಳ್ಳುವ ನಿಮಗೆ ಆ ಹಗರಣದಲ್ಲಿ ತಾಂತ್ರಿಕ ಪಾಠವೂ ಇದೆ. ಪ್ರಯೋಗಾಲಯಗಳು ಸಾಮಾನ್ಯವಾಗಿ ಅಳೆಯುವುದು ಸಾರಜನಕವನ್ನು, ಅದನ್ನು 6.38ರಿಂದ ಗುಣಿಸಿ ಹಾಲಿನ ಪ್ರೋಟೀನ್ ಎನ್ನುತ್ತವೆ. ಮೆಲಮೈನ್‌ನಲ್ಲಿ ಸಾರಜನಕ ಹೇರಳ. ಹಾಗಾಗಿ ನೀರು ಬೆರೆಸಿದ ಹಾಲಿಗೆ ಅದನ್ನು ಸುರಿದರೆ ಪರೀಕ್ಷೆಯಲ್ಲಿ ಪ್ರೋಟೀನ್ ಸರಿಯಾಗಿಯೇ ಕಾಣುತ್ತಿತ್ತು. ಇಂದು ಗ್ಲೈಸಿನ್, ಟೌರಿನ್‌ಗಳಂಥ ಅಗ್ಗದ ಅಮೈನೋ ಆಮ್ಲ ಬೆರೆಸಿ ವೇ ಪ್ರೋಟೀನ್‌ನ ಅಂಕಿ ಏರಿಸುವುದೂ ಅದೇ ಉಪಾಯ. ಆದ್ದರಿಂದ ಸಾರಜನಕದ ಅಂಕಿಯೊಂದನ್ನೇ ನಂಬದೆ, ಪ್ರತಿ ಬ್ಯಾಚಿಗೂ ಅಮೈನೋ ಆಮ್ಲಗಳ ಪೂರ್ಣ ವಿವರ ಕೇಳಿ. ಮುಂಬೈ ವರ್ತಕರಿಂದ ಈಗ ಕೊಳ್ಳುತ್ತಿರುವ ಸರಕಿಗೂ ಕೇಳಿ.

‘ಆಹಾರ ಘಟಕ’ ಎಂದು ಬರೆಸುವ ಸಲಹೆಗೆ ಹೆಚ್ಚು ಮಾತು ಬೇಡ. ಅದು ತಪ್ಪು ಘೋಷಣೆ. 1962ರ ಕಸ್ಟಮ್ಸ್ ಕಾಯ್ದೆಯಡಿ ಸರಕು ಜಪ್ತಿಯಾಗುತ್ತದೆ, ದಂಡ ಬೀಳುತ್ತದೆ. ಆಮದು ಸರಕಿನ ಘೋಷಣಾ ಪತ್ರವಾದ ಬಿಲ್ ಆಫ್ ಎಂಟ್ರಿಯ ಮೇಲೆ ಇರುವುದು ನಿಮ್ಮ ಹೆಸರೇ ಹೊರತು ಏಜೆಂಟರದ್ದಲ್ಲ. ಒಮ್ಮೆ ಈ ಕಲೆ ಅಂಟಿದರೆ ಮುಂದಿನ ಪ್ರತಿಯೊಂದು ಸರಕನ್ನೂ ಬಿಚ್ಚಿ ನೋಡುತ್ತಾರೆ.

ನಿಮ್ಮ ಪತ್ರದಲ್ಲಿ ನೀವೇ ಗಮನಿಸದ ಒಂದು ಅಪಾಯವಿದೆ, ಅದು ‘ಶೇ 80’ ಎಂಬ ಸಂಖ್ಯೆ. ಜಗತ್ತಿನ ಸುಂಕದ ಪಟ್ಟಿಗಳೆಲ್ಲ ಒಂದೇ ಚೌಕಟ್ಟಿನ ಮೇಲೆ ನಿಂತಿವೆ. ಅದರ ಪ್ರಕಾರ ಒಣ ಅಂಶದ ಲೆಕ್ಕದಲ್ಲಿ ವೇ ಪ್ರೋಟೀನ್ ಶೇ 80ಕ್ಕಿಂತ ಹೆಚ್ಚಿದ್ದರೆ ಅದು ಅಲ್ಬುಮಿನ್, ಶೀರ್ಷಿಕೆ 3502. ಶೇ 80 ಅಥವಾ ಕಡಿಮೆ ಇದ್ದರೆ ಅದು ವೇ, ಶೀರ್ಷಿಕೆ 0404. ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಮಾರಾಟವಾಗುವ ‘ಡಬ್ಲ್ಯೂಪಿಸಿ 80’ (ಶೇ 80ರ ಸಾಂದ್ರ ವೇ ಪ್ರೋಟೀನ್) ಸರಿಯಾಗಿ ಈ ಗೆರೆಯ ಮೇಲೆಯೇ ಕುಳಿತಿದೆ. ಲೆಕ್ಕ ನೋಡಿ: ಚೀಲದಲ್ಲಿರುವ ಪುಡಿಯಲ್ಲಿ ಪ್ರೋಟೀನ್ ಶೇ 77, ತೇವಾಂಶ ಶೇ 4.5 ಇದ್ದರೆ ಒಣ ಲೆಕ್ಕದಲ್ಲಿ ಶೇ 80.6 ಆಗುತ್ತದೆ, ಗೆರೆ ದಾಟಿತು. ಪ್ರೋಟೀನ್ ಶೇ 76 ಇದ್ದರೆ ಶೇ 79.6, ಗೆರೆಯ ಈಚೆಗೇ ಉಳಿಯಿತು. ಶೇಕಡಾ ಒಂದರ ವ್ಯತ್ಯಾಸ ಒಂದೇ ಕಾರ್ಖಾನೆಯ ಎರಡು ಬ್ಯಾಚುಗಳ ನಡುವೆ, ಒಮ್ಮೊಮ್ಮೆ ಎರಡು ಪ್ರಯೋಗಾಲಯಗಳ ನಡುವೆಯೇ ಬರುತ್ತದೆ. ಎರಡು ಶೀರ್ಷಿಕೆಗಳ ಸುಂಕ ಒಂದೇ ಅಲ್ಲ. 0404ರ ಮೂಲ ಸುಂಕ ಶೇ 30, 3502ರದ್ದು ಅದಕ್ಕಿಂತ ಕಡಿಮೆ. ಕಡಿಮೆ ಸುಂಕದ ಶೀರ್ಷಿಕೆ ಬರೆದು, ಕಸ್ಟಮ್ಸ್ ಪ್ರಯೋಗಾಲಯದ ವರದಿ ಇನ್ನೊಂದು ಹೇಳಿದರೆ ವ್ಯತ್ಯಾಸದ ಸುಂಕ, ಬಡ್ಡಿ, ಮೇಲಿಂದ ವಾದ. ನಾನು ಕಂಡ ಹೈನು ಸರಕಿನ ತಗಾದೆಗಳಲ್ಲಿ ದೊಡ್ಡ ಪಾಲು ಇಂಥ ಗೆರೆಯ ಮೇಲಿನವು.

ಇದಕ್ಕೆ ಮುಂಚಿತ ತೀರ್ಪು ಎಂಬ ಒಳ್ಳೆಯ ದಾರಿ ಇದೆ, ಸಣ್ಣ ಉದ್ಯಮಿಗಳು ಬಳಸುವುದೇ ಇಲ್ಲ. ಮುಂಬೈ ಮತ್ತು ದೆಹಲಿಯಲ್ಲಿ ಕಸ್ಟಮ್ಸ್ ಮುಂಚಿತ ತೀರ್ಪು ಪ್ರಾಧಿಕಾರಗಳಿವೆ. 10,000 ರೂಪಾಯಿ ಶುಲ್ಕ ಕಟ್ಟಿ, ವಸ್ತುವಿನ ವಿವರ, ತಯಾರಿಕಾ ವಿಧಾನ, ಪರೀಕ್ಷಾ ವರದಿ ಕೊಟ್ಟರೆ ಯಾವ ಶೀರ್ಷಿಕೆ ಎಂದು ಸರಕು ಬರುವ ಮೊದಲೇ ಹೇಳುತ್ತಾರೆ. ಮೂರು ತಿಂಗಳೊಳಗೆ ತೀರ್ಪು ಕೊಡಬೇಕೆಂದು ಕಾನೂನು ಹೇಳುತ್ತದೆ. ಪರಿಸ್ಥಿತಿ ಬದಲಾಗದಿದ್ದರೆ ಅದು ಕೆಲವು ವರ್ಷ ಊರ್ಜಿತ. ಒಂದೇ ಸಲ 5 ಟನ್ ತರಿಸಿ ಬಿಡುವವರಿಗೆ ಇದು ದುಬಾರಿ ಎನಿಸಬಹುದು. ವರ್ಷವರ್ಷ ತರಿಸುವ ಇರಾದೆ ಇದ್ದರೆ ಖಂಡಿತ ಮಾಡಿಸಿ. ಇಲ್ಲವಾದರೆ ಸರಬರಾಜುದಾರರಿಗೆ ಹೇಳಿ ಗೆರೆಯಿಂದ ಸ್ಪಷ್ಟವಾಗಿ ದೂರ ಇರುವ ಶ್ರೇಣಿಯನ್ನೇ ಕೊಳ್ಳಿ. ನಿಮ್ಮ ರಾಗಿ ಮಾಲ್ಟಿಗೆ ಅಷ್ಟು ಸಾಂದ್ರವಾದದ್ದು ಬೇಕೇ ಎಂಬುದೂ ಯೋಚಿಸಬೇಕಾದ ವಿಷಯ.

ಸುಂಕದ ನಿಜ ಹೊರೆ ಎಷ್ಟು? 0404 ಎಂದೇ ಹಿಡಿಯೋಣ. ಬಂದರಿಗೆ ತಲುಪಿದ ಬೆಲೆ, ಎಂದರೆ ಸಾಗಣೆ ಮತ್ತು ವಿಮೆ ಸೇರಿ, 100 ರೂಪಾಯಿ ಇದ್ದರೆ ಮೂಲ ಸುಂಕ 30, ಆ ಸುಂಕದ ಮೇಲೆ ಶೇ 10ರ ಸಮಾಜ ಕಲ್ಯಾಣ ಮೇಲ್ತೆರಿಗೆ 3 ರೂಪಾಯಿ, ಒಟ್ಟು 133. ಅದರ ಮೇಲೆ ಜಿಎಸ್‌ಟಿ. ನೋಂದಾಯಿತ ಘಟಕವಾದ್ದರಿಂದ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆಯ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಪಡೆಯಬಹುದು, ಆ 33 ಮಾತ್ರ ಹಿಂದಿರುಗುವುದಿಲ್ಲ. ಶೇ 270 ಎಲ್ಲಿ, ಶೇ 33 ಎಲ್ಲಿ! ಬಜೆಟ್ಟಿನಲ್ಲೋ ನಡುವಿನ ಅಧಿಸೂಚನೆಯಲ್ಲೋ ದರ ಬದಲಾಗಬಹುದು, ಬಿಲ್ ಆಫ್ ಎಂಟ್ರಿ ಸಲ್ಲಿಸುವ ಮುನ್ನ ಆ ದಿನದ ದರ ನೋಡಿಸಿ. ‘ಒಪ್ಪಂದದಡಿ ಸುಂಕ ಶೂನ್ಯ’ ಎಂದು ಯಾರಾದರೂ ಹೇಳಿದರೆ ಒಡನೆ ನಂಬಬೇಡಿ. 2019ರ ನವೆಂಬರ್‌ನಲ್ಲಿ ಭಾರತ ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಯಿಂದ ಹಿಂದೆ ಸರಿದದ್ದಕ್ಕೆ ಹೈನುಗಾರರ ಆತಂಕ ದೊಡ್ಡ ಕಾರಣ. 2022ರ ಆಸ್ಟ್ರೇಲಿಯಾ ಒಪ್ಪಂದದಲ್ಲೂ ಹೈನು ಉತ್ಪನ್ನಗಳನ್ನು ಹೊರಗಿಡಲಾಯಿತು.

ಇನ್ನು ಮಿಲ್ಕ್ ಪ್ರೋಟೀನ್ ಕಾನ್ಸಂಟ್ರೇಟ್. ಅದರಿಂದ ನಿಮಗೆ ಯಾವ ಸುಲಭವೂ ಆಗದು. ಅದೇ ಅನುಮತಿ, ಅದೇ ಪ್ರಮಾಣಪತ್ರ, ಅಲ್ಲಿಯೂ ಒಂದು ಗೆರೆ: ಒಣ ಲೆಕ್ಕದಲ್ಲಿ ಪ್ರೋಟೀನ್ ಶೇ 85 ದಾಟಿದರೆ 3504, ಇಲ್ಲದಿದ್ದರೆ 0404. ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಸಿಗುವುದು ಈ ಎರಡು ವಸ್ತುಗಳ ವ್ಯತ್ಯಾಸದಲ್ಲಿ. ಅದಕ್ಕೆ ತುಸು ವಿವರವಾಗಿಯೇ ಹೇಳುತ್ತೇನೆ.

ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ 80 ಕೇಸಿನ್, ಶೇ 20 ವೇ. ಚೀಸ್ ಮಾಡುವಾಗ ಕೇಸಿನ್ ಗಟ್ಟಿಯಾಗಿ ಉಳಿಯುತ್ತದೆ, ತಿಳಿನೀರಿನೊಂದಿಗೆ ವೇ ಹೊರಹೋಗುತ್ತದೆ. 10 ಲೀಟರ್ ಹಾಲಿನಿಂದ ಒಂದು ಕಿಲೋ ಆಸುಪಾಸು ಚೀಸ್ ಬಂದರೆ ಮಿಕ್ಕ 9 ಲೀಟರ್ ಈ ನೀರು. ಅದರಲ್ಲಿರುವ ಪ್ರೋಟೀನ್ ಶೇಕಡಾ ಒಂದಕ್ಕೂ ಕಡಿಮೆ. ಹೀಗಾಗಿ ಶೇ 80ರ ಪುಡಿ ಒಂದು ಕಿಲೋ ಬೇಕಾದರೆ ನೂರು ಲೀಟರಿಗಿಂತ ಹೆಚ್ಚು ತಿಳಿನೀರನ್ನು ಸೋಸಬೇಕು. ಯುರೋಪಿನಲ್ಲಿ ಚೀಸ್ ಪ್ರಧಾನ ಆಹಾರ, ಆದ್ದರಿಂದ ಅಲ್ಲಿ ಈ ನೀರು ಹೊಳೆಯಂತೆ ಸಿಗುತ್ತದೆ. ನಮ್ಮಲ್ಲಿ ಹಾಲು ಕುಡಿಯುತ್ತೇವೆ, ಮೊಸರು ಮಾಡುತ್ತೇವೆ, ತುಪ್ಪ ಕಾಯಿಸುತ್ತೇವೆ. ‘ಪನೀರ್ ಇಷ್ಟೊಂದು ಮಾಡುತ್ತೇವಲ್ಲ, ಆ ನೀರಿನಿಂದ ತೆಗೆಯಬಾರದೇ’ ಎಂದು ಅನೇಕರು ಕೇಳುತ್ತಾರೆ. ಪನೀರಿಗೆ ಹಾಲನ್ನು 90 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಕಾಯಿಸುತ್ತಾರೆ. ಆ ಬಿಸಿಗೆ ವೇ ಪ್ರೋಟೀನಿನ ಬಹುಭಾಗ ರೂಪ ಕೆಟ್ಟು ಕೇಸಿನ್‌ಗೆ ಅಂಟಿಕೊಂಡು ಪನೀರಿನಲ್ಲೇ ಉಳಿದುಬಿಡುತ್ತದೆ. ಹೊರಬರುವ ಹುಳಿ ನೀರಿನಲ್ಲಿ ಹಿಡಿಯುವಂಥದ್ದು ಹೆಚ್ಚು ಉಳಿದಿರುವುದಿಲ್ಲ. ನಮ್ಮ ದೇಶ 2023-24ರಲ್ಲಿ 23.9 ಕೋಟಿ ಟನ್ ಹಾಲು ಉತ್ಪಾದಿಸಿ ಜಗತ್ತಿಗೇ ಮೊದಲಿದ್ದರೂ ವೇ ಪ್ರೋಟೀನ್‌ಗೆ ಹೊರಗೆ ನೋಡಬೇಕಾದ ಕಾರಣ ಇದೇ. ನೀವು 5 ಟನ್ ವೇ ತರಿಸಿದರೆ ನಿಮ್ಮ ತಂದೆಯವರ ಹಾಲಿನ ಬದಲಿಗೆ ಅದು ನಿಲ್ಲುವುದಿಲ್ಲ.

ಮಿಲ್ಕ್ ಪ್ರೋಟೀನ್ ಕಾನ್ಸಂಟ್ರೇಟ್ ಹಾಗಲ್ಲ. ಅದು ಕೆನೆ ತೆಗೆದ ಇಡೀ ಹಾಲನ್ನೇ ಸೋಸಿ, ಲ್ಯಾಕ್ಟೋಸ್ ಕಳೆದು ಒಣಗಿಸಿದ ಪುಡಿ. ನೀರು ಬೆರೆಸಿದರೆ ಬಹಳ ಕಡೆ ಹಾಲಿನ ಪುಡಿ ಮಾಡುವ ಕೆಲಸವನ್ನೇ ಮಾಡುತ್ತದೆ. ಹಾಲಿನ ಪುಡಿಯ ಬೆಲೆ ಕುಸಿದರೆ ಒಕ್ಕೂಟಗಳ ಗೋದಾಮಿನಲ್ಲಿ ದಾಸ್ತಾನು ನಷ್ಟಕ್ಕೆ ಬೀಳುತ್ತದೆ, ಅದರ ಬಿಸಿ ಕೊನೆಗೆ ಖರೀದಿ ದರಕ್ಕೆ ತಟ್ಟುತ್ತದೆ. 2024ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಆ 10,000 ಟನ್ ಹಾಲಿನ ಪುಡಿಯ ಕೋಟಾ ಆಮದಿಗೆ ಅವಕಾಶ ಕೊಟ್ಟಾಗ ಹೈನುಗಾರರ ಸಂಘಟನೆಗಳು ಸಿಟ್ಟಾದದ್ದು ಇದಕ್ಕೇ. ಒಂದು ಕಿಲೋ ಪುಡಿಗೆ 11 ಲೀಟರ್ ಕೆನೆರಹಿತ ಹಾಲು ಎಂದು ಹಿಡಿದರೆ 10,000 ಟನ್ ಎಂದರೆ 11 ಕೋಟಿ ಲೀಟರ್. ಅದೇ ಹೊತ್ತಿಗೆ ಕೆಎಂಎಫ್‌ನ ದಿನದ ಸಂಗ್ರಹ ಒಂದು ಕೋಟಿ ಲೀಟರ್ ಮುಟ್ಟಿತ್ತು, ಮಿಕ್ಕ ಹಾಲು ಪುಡಿಯಾಗುತ್ತಿತ್ತು. ದೇಶದ ಉತ್ಪಾದನೆಯ ಮುಂದೆ ಆ ಕೋಟಾ ಸಣ್ಣದು ಎಂಬ ವಾದ ಲೆಕ್ಕದಲ್ಲಿ ಸರಿ. ಆದರೆ ಹಾಲು ಹೆಚ್ಚಾಗಿ ಸುರಿಯುವ ಕಾಲದಲ್ಲಿ ಬರುವ ಅಗ್ಗದ ಪುಡಿ, ಪ್ರಮಾಣ ಚಿಕ್ಕದಿದ್ದರೂ ಬೆಲೆಯನ್ನು ಕೆಳಕ್ಕೆ ಎಳೆಯುತ್ತದೆ ಎಂಬ ರೈತರ ಭಯವನ್ನು ನಾನು ತಳ್ಳಿಹಾಕಲಾರೆ. ಹಾಲಿನ ಪುಡಿಯ ಮೇಲಿನ ಶೇ 60ರ ಬೇಲಿ ಇರಬೇಕೆಂಬುದೇ ನನ್ನ ಅಭಿಪ್ರಾಯ. ವೇ ವಿಷಯದಲ್ಲಿ ನನಗೆ ಆ ಆತಂಕವಿಲ್ಲ. ಆದ್ದರಿಂದ ಎರಡರಲ್ಲಿ ಒಂದನ್ನು ಆರಿಸುವುದಾದರೆ ವೇ ಕಡೆಗೇ ಇರಿ.

ಈಗ ನೀವು ಏನು ಮಾಡಬಹುದು? ನೇರ ಆಮದು ಸಾಧ್ಯವಿದೆ, ಆದರೆ 5 ಟನ್ ಅದಕ್ಕೆ ಕಿರಿದು. 20 ಅಡಿಯ ಕಂಟೇನರಿನಲ್ಲಿ ಇಂಥ ಪುಡಿ 15 ಟನ್ ಆಸುಪಾಸು ಹಿಡಿಯುತ್ತದೆ. 5 ಟನ್‌ಗೆ ಬೇರೆಯವರ ಸರಕಿನೊಂದಿಗೆ ಕಂಟೇನರ್ ಹಂಚಿಕೊಳ್ಳಬೇಕಾಗುತ್ತದೆ. ಅವರ ಕಾಗದದಲ್ಲಿ ಲೋಪವಿದ್ದರೆ ನಿಮ್ಮ ಸರಕೂ ಅಲ್ಲೇ ನಿಲ್ಲಬಹುದು. ಚೆನ್ನೈನ ಸೆಕೆಯಲ್ಲಿ ವಾರಗಟ್ಟಲೆ ಕುಳಿತ ವೇ ಪುಡಿ ಗಂಟುಕಟ್ಟುತ್ತದೆ, ಬಣ್ಣ ತಿರುಗುತ್ತದೆ, ಬಂದರಿನಲ್ಲಿ ಸರಕು ಉಳಿದದ್ದಕ್ಕೆ ಕಟ್ಟುವ ಡೆಮರೇಜ್ ಬೇರೆ ಏರುತ್ತದೆ. ಅನುಮತಿ, ನೋಂದಣಿ, ಪರೀಕ್ಷೆಗಳ ಖರ್ಚು 5 ಟನ್‌ಗೂ ಅಷ್ಟೇ, 15 ಟನ್‌ಗೂ ಹೆಚ್ಚುಕಡಿಮೆ ಅಷ್ಟೇ. ನಿಮ್ಮಂತೆಯೇ ವೇ ಬಳಸುವ ಇನ್ನಿಬ್ಬರು ತಯಾರಕರು ಸೇರಿ ಪೂರ್ತಿ ಕಂಟೇನರ್ ತರಿಸಿದರೆ ಮಾತ್ರ ಲೆಕ್ಕ ಕುದುರೀತು. ಹಾಗೆ ಮಾಡುವಾಗ ಅನುಮತಿ ಯಾರ ಹೆಸರಿನಲ್ಲಿದೆಯೋ ಅವರೇ ಆಮದುದಾರರಾಗಿರಲಿ, ಉಳಿದವರು ದೇಶದೊಳಗೆ ಅವರಿಂದ ಬಿಲ್ ಮೇಲೆ ಕೊಳ್ಳಲಿ. ಸಮುದ್ರದ ಮೇಲೆಯೇ ಮಾರಾಟ ಮಾಡಿ ಹೆಸರು ಬದಲಿಸುವ ವ್ಯವಹಾರ ಹಾಲಿನ ಉತ್ಪನ್ನಕ್ಕೆ ತಲೆನೋವು.

ಎರಡನೆಯದು, ಅನುಮತಿ ಇರುವ ದೊಡ್ಡ ಆಮದುದಾರರೊಂದಿಗೆ ಆರು ತಿಂಗಳ ಅಥವಾ ವರ್ಷದ ದರ ಒಪ್ಪಂದ. ಈಗ ನಿಮ್ಮನ್ನು ಕಾಡುತ್ತಿರುವುದು ಬೆಲೆಯ ಏರಿಳಿತ. ಅದಕ್ಕೆ ಆಮದೇ ಮದ್ದಲ್ಲ. ನೇರ ತರಿಸಿದರೂ ಜಾಗತಿಕ ದರ ಮತ್ತು ಯೂರೋ ವಿನಿಮಯದ ಏರಿಳಿತ ನಿಮ್ಮ ತಲೆಗೇ ಬರುತ್ತದೆ. ಕೊಳ್ಳುವಾಗ ಬಿಲ್ ಆಫ್ ಎಂಟ್ರಿ ಮತ್ತು ಅನುಮತಿಯ ಪ್ರತಿ ಕೇಳಿ. ಕೊಡಲು ಹಿಂಜರಿಯುವವರಿಂದ ಕೊಳ್ಳಬೇಡಿ.

ಮೂರನೆಯದು ದೇಶದೊಳಗಿನ ಸರಕು. ಚೀಸ್ ಘಟಕ ಇರುವ ಅಮುಲ್ ಮತ್ತು ಪುಣೆ ಬಳಿಯ ಪರಾಗ್‌ನಂಥವರು ಈಗ ವೇ ಪ್ರೋಟೀನ್ ಮಾಡುತ್ತಿದ್ದಾರೆ. ಸಗಟಾಗಿ ಸಿಗುವ ಪ್ರಮಾಣ ಮತ್ತು ಬೆಲೆ ವಿಚಾರಿಸಿ ನೋಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಪ್ರಯತ್ನಿಸುವುದು ನಾಲ್ಕನೆಯದನ್ನು: ಸೂತ್ರವನ್ನೇ ಬದಲಿಸುವುದು. ಕೆನೆ ತೆಗೆದ ಹಾಲಿನ ಪುಡಿಯಲ್ಲಿ 100 ಗ್ರಾಮಿಗೆ 35 ಗ್ರಾಂ ಆಸುಪಾಸು ಪ್ರೋಟೀನ್ ಇದೆ, ಅರ್ಧದಷ್ಟು ಲ್ಯಾಕ್ಟೋಸ್. ವ್ಯಾಯಾಮ ಮಾಡುವವರ ಡಬ್ಬಿಗೆ ಅದು ಸಾಲದು. ರಾಗಿ ಮಾಲ್ಟಿಗೆ, ಅದರಲ್ಲೂ ಮಕ್ಕಳು ಹಿರಿಯರು ಕುಡಿಯುವ ಮಾಲ್ಟಿಗೆ, ಹಾಲಿನ ಪುಡಿಯ ರುಚಿ ಮತ್ತು ಸಿಹಿ ಒಗ್ಗುತ್ತದೆ. ಸಕ್ಕರೆಯನ್ನು ತಗ್ಗಿಸಬಹುದು, ಅರ್ಧ ಪ್ರೋಟೀನ್ ಹಾಲಿನ ಪುಡಿಯಿಂದ ಬಂದರೆ ವೇ ಖರ್ಚು ಅಷ್ಟು ಇಳಿಯುತ್ತದೆ. ಇದರ ಕೊರತೆಯನ್ನೂ ಹೇಳಬೇಕು: ಲ್ಯಾಕ್ಟೋಸ್ ಒಗ್ಗದವರಿಗೆ ಹೊಟ್ಟೆ ಉಬ್ಬರಿಸುತ್ತದೆ, ಡಬ್ಬಿಯ ಮೇಲಿನ ಪ್ರೋಟೀನ್ ಅಂಕಿ ಕಡಿಮೆಯಾಗುತ್ತದೆ, ಲೇಬಲ್ ಬದಲಿಸಬೇಕು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರದಲ್ಲಿ ಇಂಥ ಮಿಶ್ರಣಗಳ ಬಗ್ಗೆ ಸಲಹೆ ಕೇಳಬಹುದು.

ಗಲ್ಫ್ ದೇಶಗಳಿಗೆ ಮಾಲ್ಟ್ ಕಳುಹಿಸುವ ಯೋಚನೆ ನಿಮಗಿದ್ದರೆ, ರಫ್ತಿಗೆ ಬಳಸುವ ವೇ ಪ್ರಮಾಣವನ್ನು ಮುಂಗಡ ಅಧಿಕಾರ ಪತ್ರದಡಿ (ಅಡ್ವಾನ್ಸ್ ಆಥರೈಸೇಷನ್) ಸುಂಕವಿಲ್ಲದೆ ತರಿಸುವ ದಾರಿಯೂ ಇದೆ. ಅಲ್ಲಿಯೂ ನೈರ್ಮಲ್ಯ ಅನುಮತಿ ತಪ್ಪದು, ರಫ್ತಿನ ಹೊಣೆ ಪೂರೈಸದಿದ್ದರೆ ಬಿಟ್ಟ ಸುಂಕವನ್ನು ಬಡ್ಡಿ ಸಮೇತ ಕಟ್ಟಬೇಕು.

ನೇರ ಆಮದನ್ನೇ ಆರಿಸಿಕೊಂಡರೆ ಈ ಕ್ರಮ ತಪ್ಪಿಸಬೇಡಿ. ಸರಬರಾಜುದಾರರಿಂದ ಮೂರು ಬ್ಯಾಚಿನ ವಿಶ್ಲೇಷಣಾ ವರದಿ ಮತ್ತು ಭಾರತದ ಒಕ್ಕಣೆಗೆ ಒಪ್ಪಿದ ಕರಡು ಆರೋಗ್ಯ ಪ್ರಮಾಣಪತ್ರ ತರಿಸಿ. ಅವರ ಕಾರ್ಖಾನೆಯ ನೋಂದಣಿ ಖಚಿತಪಡಿಸಿಕೊಳ್ಳಿ. ನಂತರ ನೈರ್ಮಲ್ಯ ಅನುಮತಿಗೆ ಅರ್ಜಿ, ಜೊತೆಜೊತೆಗೆ ಶೀರ್ಷಿಕೆಯ ತೀರ್ಮಾನ. ಅನುಮತಿ ಕೈಗೆ ಬಂದ ಮೇಲಷ್ಟೇ ಹಡಗಿಗೆ ಹೇಳಿ. ಹಣ ಕಳುಹಿಸುವ ಕರಾರಿನಲ್ಲೂ ‘ಅನುಮತಿ ದೊರೆತ ನಂತರ ಲೋಡಿಂಗ್’ ಎಂಬ ಸಾಲು ಬರೆಸಿ. ಈ ಎಲ್ಲ ಕೆಲಸಕ್ಕೆ ಪರವಾನಗಿ ಇರುವ ಕಸ್ಟಮ್ಸ್ ಬ್ರೋಕರ್ ಒಬ್ಬರನ್ನು ಹಿಡಿಯಿರಿ, ಅವರ ಪರವಾನಗಿ ಸಂಖ್ಯೆ ಕೇಳಿ ಪಡೆಯಿರಿ. ಕೋಟಾ ಮಾರಲು ಬಂದವರ ಬಳಿ ಆ ಸಂಖ್ಯೆ ಇದೆಯೇ ಎಂಬುದನ್ನೂ ಕೇಳಿ ನೋಡಿ.